ಪಂಪಿನ ಹೊತ್ತಿಗೆ ಓಡುತ್ತಿದ್ದ ಯಂತ್ರ

ಕೊರೊನಾ ತಣ್ಣಗಾದ ಮರುವರ್ಷ ನಾನು ಮುಂಡಗೋಡ ತಾಲ್ಲೂಕಿನಲ್ಲಿ ವಿದ್ಯುತ್ ಕಂಪನಿಯ ಸೆಕ್ಷನ್ ಆಫೀಸರ್ ಆಗಿದ್ದೆ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಇಡೀ ನೌಕರಿಯಲ್ಲಿ ನನಗೆ ಶಾಲು ಹೊದಿಸಿ ಸನ್ಮಾನ ಮಾಡಿದ್ದು ಒಂದೇ ಊರು. ಆ ಶಾಲು ಈಗ ನನ್ನ ಹತ್ತಿರ ಇಲ್ಲ.

ಪಾಳಾ ಎಂಬ ಊರಿನಿಂದಾಚೆ, ನಮ್ಮ ಲೈನಿನ ತುದಿಯಲ್ಲಿದ್ದ ಸಣ್ಣ ಊರು ಅದು. ಮನೆಗಳಿಗೆ ಬರಬೇಕಾದದ್ದು 230 ವೋಲ್ಟ್. ಹಗಲು ಏಳು ತಾಸು ಪಂಪ್‌ಸೆಟ್ಟುಗಳಿಗೆ ಕರೆಂಟ್ ಬಿಡುತ್ತಿದ್ದೆವು. ಎಲ್ಲರೂ ಒಮ್ಮೆಲೇ ಪಂಪು ಹಚ್ಚಿದರೆ ಕೊನೆಯ ಮನೆಗಳಲ್ಲಿ ಸಿಗುತ್ತಿದ್ದದ್ದು 120, ಹೆಚ್ಚೆಂದರೆ 125. ಪಂಪು ನಿಂತ ಮೇಲೆ 180ರವರೆಗೆ ಏರುತ್ತಿತ್ತು. ಬೇಸತ್ತ ಊರವರು ಹೊಸ ಟ್ರಾನ್ಸ್‌ಫಾರ್ಮರ್ ಬೇಕೆಂದು ಅರ್ಜಿ ಕೊಟ್ಟರು. ಮೊದಲ ಸಹಿ ಕೊನೆಯ ಮನೆಯ ರೈತ ಬಸಪ್ಪನವರದು.

ಸರ್ವೆಗೆ ಹೋದ ದಿನ ಅವರ ಮನೆಯಲ್ಲೇ ಚಹಾ ಕುಡಿದೆ. ಅವರ ಹೆಂಡತಿ ನೀಲವ್ವ ಗೋಡೆಗೆ ಆತು ಕೂತಿದ್ದರು. ಕೊರೊನಾ ಅವರ ಜೀವವೊಂದನ್ನು ಉಳಿಸಿ ಶ್ವಾಸಕೋಶವನ್ನು ತಿಂದುಹಾಕಿತ್ತು. ಮೂಗಿಗೆ ನಳಿಕೆ, ಪಕ್ಕದಲ್ಲಿ ಆಕ್ಸಿಜನ್ ಕಾನ್ಸಂಟ್ರೇಟರ್, ಅಂದರೆ ಗಾಳಿಯಿಂದ ಆಮ್ಲಜನಕವನ್ನು ಬೇರ್ಪಡಿಸಿ ಕೊಡುವ ಯಂತ್ರ. ಅಮೆರಿಕದಿಂದ ದಾನವಾಗಿ ನಮ್ಮ ತಾಲ್ಲೂಕಿನ ಟಿಬೆಟನ್ ನಿರಾಶ್ರಿತರ ಕ್ಯಾಂಪಿಗೆ ಬಂದದ್ದು. ಅಲ್ಲಿನ ಪರಿಚಯದವರೊಬ್ಬರು ತಮಗಿನ್ನು ಬೇಡವೆಂದು ಇವರಿಗೆ ಕೊಟ್ಟಿದ್ದರು.

"ಈ ಕರೆಂಟಿನಾಗ ಇದು ನಡೀತೈತೇನ್ರಿ?" ಎಂದು ಕೇಳಿದೆ.

"ಪಂಪಿನ ಹೊತ್ತಿನಾಗ ಭಾಳ ಚಲೋ ನಡೀತೈತ್ರಿ ಸಾಹೇಬ್ರ," ಎಂದರು ಬಸಪ್ಪ. "ಪಂಪ್ ಬಂದ್ ಆತಂದ್ರ ಕಾಯ್ತೈತಿ, ಸುಟ್ಟ ವಾಸನಿ ಬರ್ತೈತಿ. ಅದಕ್ಕ ಆವಾಗ ತಗದು ಬಿಡ್ತೇವ್ರಿ."

ಊರಿನ ಎಲ್ಲ ಯಂತ್ರಗಳೂ ಪಂಪಿನ ಹೊತ್ತಿಗೆ ಸೋಲುತ್ತಿದ್ದವು. ಇದೊಂದು ಮಾತ್ರ ಅದೇ ಹೊತ್ತಿಗೆ ಗೆಲ್ಲುತ್ತಿತ್ತು. ಐ.ಟಿ.ಐ. ಮೊದಲ ವರ್ಷದ ಹುಡುಗನಿಗೂ ಅನುಮಾನ ಬರಬೇಕಿತ್ತು. ನನಗೆ ಬರಲಿಲ್ಲ. ಹಳ್ಳಿಯವರ ಲೆಕ್ಕಾಚಾರ ಎಂದು ಒಳಗೊಳಗೇ ನಕ್ಕೆ. ಯಂತ್ರದ ಬೆನ್ನು ಗೋಡೆಯ ಕಡೆಗಿತ್ತು, ನನ್ನ ಓದುವ ಕನ್ನಡಕ ಜೀಪಿನಲ್ಲಿತ್ತು.

"ಹೊಸ ಟಿ.ಸಿ. ಕೂಡ್ಲಿ ತಡೀರಿ," ಎಂದೆ. ನಮ್ಮ ಕಡೆ ಟ್ರಾನ್ಸ್‌ಫಾರ್ಮರಿಗೆ ಹಾಗೆನ್ನುತ್ತಾರೆ. "ಆಮ್ಯಾಲೆ ಹಗಲೂ ರಾತ್ರಿ ಹಚ್ರಿ. ಏನೂ ಆಗಂಗಿಲ್ಲ."

ನೀಲವ್ವ ಕೈಮುಗಿದರು. ರಾತ್ರಿಯ ಉಸಿರಿಗೆ ಅವರು ಪಡುತ್ತಿದ್ದ ಪಾಡು ಆ ಮುಗಿದ ಕೈಗಳಲ್ಲಿತ್ತು.

ನಾಲ್ಕು ತಿಂಗಳು ಮೇಲಿನವರ ಬೆನ್ನುಹತ್ತಿ ಮಂಜೂರಿ ತಂದೆ. ಟಿ.ಸಿ.ಗೆ ಮೊದಲ ಸಲ ಕರೆಂಟ್ ಬಿಡುವ ದಿನ ಊರವರು ಅದಕ್ಕೆ ಹಾರ ಹಾಕಿ ಕಾಯಿ ಒಡೆದರು, ನನಗೆ ಶಾಲು ಹೊದಿಸಿದರು. ಪಂಪುಗಳು ಶುರುವಾದವು. ಕೊನೆಯ ಕಂಬದ ಬುಡದಲ್ಲಿ ನಾನೇ ಮೀಟರ್ ಹಿಡಿದೆ. 232 ವೋಲ್ಟ್. ಹೆಮ್ಮೆ ಪಡುತ್ತ ಮೀಟರನ್ನು ಎಲ್ಲರಿಗೂ ತೋರಿಸಿದೆ.

ಬಸಪ್ಪ ದಿನದ ರೂಢಿಯಂತೆ, ಪಂಪಿನ ಸದ್ದು ಕೇಳಿದೊಡನೆ ಯಂತ್ರ ಹಚ್ಚಿದ್ದರು. ಕೂಗು ಕೇಳಿ ನಾವು ಓಡಿದಾಗ ಮನೆ ತುಂಬ ಹೊಗೆ. ನೀಲವ್ವನ ತುಟಿ ನೀಲಿಗಟ್ಟಿತ್ತು. ಜೀಪಿನಲ್ಲಿ ಅವರನ್ನು ಮುಂಡಗೋಡ ಆಸ್ಪತ್ರೆಗೆ ಒಯ್ದೆವು. ಹೆಗಲ ಮೇಲಿದ್ದ ಶಾಲನ್ನು ಮಡಚಿ ಅವರ ಬೆನ್ನಿಗೆ ಒತ್ತುಕೊಟ್ಟೆ.

ಮರುದಿನ ಸುಟ್ಟ ಯಂತ್ರವನ್ನು ಮೋಟಾರ್ ರಿವೈಂಡಿಂಗ್ ಮಾಡುವ ಇಸ್ಮಾಯಿಲ್ ಮಿಸ್ತ್ರಿಯ ಅಂಗಡಿಗೆ ಒಯ್ದೆ. ಅವರು ಅದನ್ನು ತಿರುಗಿಸಿ ಬೆನ್ನಿನ ಪಟ್ಟಿ ಓದಿದರು.

"ಇದು 115 ವೋಲ್ಟಿಂದು ಐತ್ರಿ. ಇಷ್ಟು ದಿನ ಹೆಂಗ ನಡೀತು ಅನ್ನೂದ ತಿಳೀವಲ್ದು."

ನನಗೆ ತಿಳಿಯಿತು. ನಮ್ಮ ಲೈನು ಕೆಟ್ಟಿದ್ದರಿಂದಲೇ ಅದು ನಡೆದಿತ್ತು. ಅಮೆರಿಕದ ಮನೆಗಳಿಗೆ ಬರುವುದು ಸುಮಾರು 120 ವೋಲ್ಟ್. ಅಷ್ಟನ್ನೇ ನಮ್ಮ ದರಿದ್ರ ಲೈನು ದಿನಕ್ಕೆ ಏಳು ತಾಸು ಆ ಮನೆಗೆ ಕೊಡುತ್ತಿತ್ತು. ನಾನು ಅದನ್ನು ರಿಪೇರಿ ಮಾಡಿದೆ. ಕ್ಯಾಂಪಿನಲ್ಲಿ ವಿಚಾರಿಸಿದಾಗ, ಯಂತ್ರದ ಜೊತೆಗೆ ಒಂದು ಭಾರದ ಡಬ್ಬಿಯೂ ಇತ್ತೆಂದು ಗೊತ್ತಾಯಿತು. 230ನ್ನು 110ಕ್ಕೆ ಇಳಿಸುವ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಅದು. ಬಸಪ್ಪ ಅದನ್ನು ಸ್ಟೆಬಿಲೈಜರ್ ಎಂದುಕೊಂಡಿದ್ದರು. ಯಂತ್ರ ಕೊಟ್ಟದ್ದೇ ದೊಡ್ಡದು, ಸ್ಟೆಬಿಲೈಜರನ್ನೂ ಹೇಗೆ ಹೊತ್ತುಕೊಂಡು ಬರುವುದು ಎಂಬ ಸಂಕೋಚಕ್ಕೆ ಅಲ್ಲೇ ಬಿಟ್ಟುಬಂದಿದ್ದರು. ಪಿನ್ನು ಕೂರಲೆಂದು ಪೇಟೆಯಲ್ಲಿ ಒಂದು ಅಡಾಪ್ಟರ್ ಮಾತ್ರ ಕೊಂಡಿದ್ದರು. ಅಡಾಪ್ಟರ್ ಪಿನ್ನಿನ ಆಕಾರ ಬದಲಿಸುತ್ತದೆಯೇ ಹೊರತು ವೋಲ್ಟೇಜನ್ನಲ್ಲ.

ನೀಲವ್ವ ಆಕ್ಸಿಜನ್ ಸಿಲಿಂಡರಿನ ಆಸರೆಯಲ್ಲಿ ಇಪ್ಪತ್ತು ದಿನ ಬದುಕಿದರು. ಯಂತ್ರ ಸುಟ್ಟದ್ದೊಂದೇ ಕಾರಣವಲ್ಲ ಎಂದರು ಡಾಕ್ಟರು. ಇರಬಹುದು. ಆ ಮಾತನ್ನು ಹಿಡಿದುಕೊಂಡು ನೆಮ್ಮದಿಯಾಗಿರಲು ನೋಡಿದೆ, ಆಗಲಿಲ್ಲ.

ಬಸಪ್ಪನವರನ್ನು ಮಾತಾಡಿಸಲು ಹೋದಾಗ ಎಲ್ಲವನ್ನೂ ಹೇಳಿಬಿಟ್ಟೆ.

"ನಿಮ್ದೇನೈತ್ರಿ ಸಾಹೇಬ್ರ," ಎಂದರು ಬಸಪ್ಪ. "ಕರೆಂಟ್ ಚಲೋ ಬರ್ಲಿ ಅಂತ ಅರ್ಜಿಗೆ ಮೊದಲ ಸಹಿ ಹಾಕಿದಾಂವ ನಾನ."

ಅವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರೆ. ಈಗ ಓದುವ ಕನ್ನಡಕ ಅಂಗಿಯ ಜೇಬಿನಲ್ಲೇ ಇರುತ್ತದೆ. ಯಾರ ಮನೆಯಲ್ಲಿ ಹೊರದೇಶದ ವಸ್ತು ಕಂಡರೂ, ನಗುತ್ತಾರೆಂದು ಗೊತ್ತಿದ್ದರೂ, ತಿರುಗಿಸಿ ಪಟ್ಟಿ ಓದುತ್ತೇನೆ. 100ರಿಂದ 240 ಎಂದಿದ್ದರೆ ಭಯವಿಲ್ಲ. ಬರೀ 110, 115, 120 ಎಂದಿದ್ದರೆ, ಅದರ ಶಕ್ತಿಗೆ ತಕ್ಕ ಸ್ಟೆಪ್-ಡೌನ್ ಇಲ್ಲದೆ ಗೋಡೆಯ ಪ್ಲಗ್ಗಿಗೆ ಹಚ್ಚಬಾರದು. ಕೆಟ್ಟ ಯಂತ್ರ ಯಾಕೆ ಕೆಟ್ಟಿತೆಂದು ಕೇಳುವುದನ್ನು ನೌಕರಿ ಮೊದಲ ವರ್ಷವೇ ಕಲಿಸಿತ್ತು. ನಡೆಯುತ್ತಿರುವುದು ಯಾಕೆ ನಡೆಯುತ್ತಿದೆ ಎಂದು ಕೇಳುವುದನ್ನು ಕಲಿಯಲು ನನಗೆ ನೀಲವ್ವನ ಜೀವ ಬೇಕಾಯಿತು.

ಬಸಪ್ಪನವರ ಮನೆಯ ಆ ಪ್ಲಗ್ಗಿಗೆ ಈಗ ಹಗಲೂ ರಾತ್ರಿ 230 ವೋಲ್ಟ್ ಬರುತ್ತದೆ. ನಾನು ಮಾತು ಕೊಟ್ಟ ಹಾಗೆಯೇ.