ಐನೂರನೇ ನಂಬರಿನ ಯಜಮಾನ

೨೦೦೫ರಲ್ಲಿ ಹುಣಸೂರಿನಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ ಇತ್ತು. ವೈರಸ್ ಕಾಟ ಎಂದು ಗೋಳಾಡುತ್ತ ಬಂದವರಿಗೆಲ್ಲ ವಿಂಡೋಸ್ ತೆಗೆದು ಲಿನಕ್ಸ್ ಹಾಕಿಕೊಡುವ ಹುಚ್ಚು ನನಗೆ. ಮರದ ಕೆತ್ತನೆ ಮಾಡುತ್ತಿದ್ದ ರಫೀಕ್ ಅವರಿಗೂ ಹಾಗೇ ಹಾಕಿಕೊಟ್ಟಿದ್ದೆ. ಪಾಪ, ಗಾವಡಗೆರೆಯಿಂದ ಬರುವಾಗ ಟೆಂಪೋ ಮಗುಚಿ ತೀರಿಕೊಂಡರು. ಎರಡು ವರ್ಷದ ಮೇಲೆ ಅವರ ಹೆಂಡತಿ ಶಮೀಮ್ ಆ ಕಂಪ್ಯೂಟರನ್ನು ಆಟೋದಲ್ಲಿ ತಂದರು.

"ಅಣ್ಣಾ, ಇದು ಆನ್ ಆಯ್ತಾನೇ ಇಲ್ಲ. ಇದ್ರಲ್ಲಿ ಅವರ ದನಿ ಐತೆ. ಮಗೀಗೆ ಅಪ್ಪನ ದನೀನೇ ಗೊತ್ತಿಲ್ಲ ಕಣಣ್ಣಾ. ಎಂಗಾದ್ರೂ ಮಾಡಿ ತೆಕ್ಕೊಡಿ."

ಮದರ್‌ಬೋರ್ಡ್ ಸುಟ್ಟಿತ್ತು, ಪುಣ್ಯಕ್ಕೆ ಡಿಸ್ಕ್ ಚೆನ್ನಾಗಿತ್ತು. ಅದನ್ನು ನನ್ನ ಯಂತ್ರಕ್ಕೆ ಜೋಡಿಸಿ ಮೌಂಟ್ ಮಾಡಿದೆ. ಅಂದರೆ ಆ ಡಿಸ್ಕು ನನ್ನ ಯಂತ್ರದ ಒಂದು ಫೋಲ್ಡರಿನಂತೆ ಕಾಣುವ ಹಾಗೆ ಮಾಡಿದೆ. ತಾವೊಬ್ಬರೇ ತೆರೆಯುವಂತೆ ರಫೀಕ್ ಪರ್ಮಿಷನ್ ಇಟ್ಟಿದ್ದರು. ನನಗೆ ತೆರೆಯದು ಎಂದುಕೊಂಡೇ ಒತ್ತಿದೆ. ಸಲೀಸಾಗಿ ತೆರೆದುಕೊಂಡಿತು! ಪ್ರತಿ ಫೈಲಿನ ಮುಂದೆ ಓನರ್ ಎಂದು ಮಂಜು, ನನ್ನದೇ ಹೆಸರು.

ಶಮೀಮ್ ಎಸ್ಸೆಸ್ಸೆಲ್ಸಿ ಓದಿದವರು. "ಇದೇನಣ್ಣಾ, ನಿಮ್ಮೆಸ್ರು ಬಂದೈತೆ? ಇವು ಅವರವಲ್ವಾ?" ಎಂದರು. ಮುಖದಲ್ಲಿ ಅನುಮಾನವಿತ್ತು.

"ಅಯ್ಯೋ, ಎಲ್ಲಾ ಅವರದೇ ಕಣಮ್ಮಾ" ಎಂದು ಬಿಡಿಸಿ ಹೇಳಿದೆ. ಡಿಸ್ಕಿನಲ್ಲಿ ಓನರ್‌ನ ಹೆಸರು ಇರುವುದಿಲ್ಲ, ನಂಬರ್ ಮಾತ್ರ ಇರುತ್ತದೆ; ಆ ನಂಬರ್ ತನ್ನಲ್ಲಿ ಯಾರದೋ ಅವರ ಹೆಸರನ್ನೇ ಯಂತ್ರ ತೋರಿಸುತ್ತದೆ. ನಾನು ಹಾಕುತ್ತಿದ್ದ ಲಿನಕ್ಸಿನಲ್ಲಿ ಮೊದಲ ಬಳಕೆದಾರನಿಗೆ ಸಿಗುವುದು ಐನೂರು. ಅಲ್ಲಿ ಅವರು ಐನೂರು, ಇಲ್ಲಿ ನಾನು ಐನೂರು. ಯಂತ್ರ ನನ್ನನ್ನೇ ಅವರೆಂದು ತಿಳಿದಿತ್ತು.

ಧ್ವನಿಯ ಫೈಲ್ ಹಾಕಿದೆ. "ಬೇಟಾ, ಅಬ್ಬಾ ಬೋಲೋ... ಅಬ್ಬಾ..." ಅಪ್ಪ ಅನ್ನು ಎಂದು ಮಗುವಿಗೆ ಕಲಿಸುವ ರಫೀಕ್ ದನಿ, ಹಿಂದೆಯೇ ಕೂಸಿನ ಕೇಕೆ. ಶಮೀಮ್ ಸೆರಗು ಬಾಯಿಗೊತ್ತಿಕೊಂಡು ಅತ್ತರು. ನನಗೂ ತಡೆಯಲಾಗಲಿಲ್ಲ. ಅದನ್ನು ಸಿ.ಡಿ.ಗೆ ಹಾಕಿಕೊಟ್ಟೆ.

"ಆ ಎಸ್ರೊಂದು ಸರಿ ಮಾಡ್ಬುಡಿ ಅಣ್ಣಾ. ಅವರ ವಸ್ತು ಮ್ಯಾಲೆ ಬ್ಯಾರೆಯೋರ ಎಸ್ರು ಬ್ಯಾಡ."

ನನ್ನ ನಂಬರನ್ನು ಐನೂರ ಒಂದು ಮಾಡಿಕೊಂಡು, ರಫೀಕ್ ಹೆಸರಿನ ಖಾತೆ ತೆರೆದು ಅದಕ್ಕೆ ಐನೂರು ಕೊಟ್ಟೆ. ಫೈಲುಗಳ ಮುಂದೆಲ್ಲ ರಫೀಕ್ ಎಂದು ಬಂತು. ಪರೀಕ್ಷೆಗೆಂದು ಅದೇ ಫೋಲ್ಡರ್ ಒತ್ತಿದೆ: ಪರ್ಮಿಷನ್ ಡಿನೈಡ್.

"ಏನಂತೆ ಅಣ್ಣಾ?"

"ನನ್ನನ್ನ ಒಳಕ್ಕೆ ಬಿಡೋದಿಲ್ವಂತೆ ಕಣಮ್ಮಾ, ಅವರು."

ಅಂದಿನಿಂದ ತೀರಿಕೊಂಡವರ ಡಿಸ್ಕ್ ಬಂದರೆ ಮೊದಲು ಆ ನಂಬರ್ ನೋಡುತ್ತೇನೆ, ಮನೆಯವರು ಕೇಳಿದಷ್ಟನ್ನೇ ತೆರೆಯುತ್ತೇನೆ. ಬಾಗಿಲು ತೆರೆದುಕೊಂಡಿತು ಎಂದ ಮಾತ್ರಕ್ಕೆ ಮನೆ ನಮ್ಮದಾಗುವುದಿಲ್ಲ.