ಬಿಲ್ವ ಹತ್ತಿದ ಅಮೃತಬಳ್ಳಿ

ಅಮೃತದ ಹನಿ ಬಿದ್ದ ನೆಲದಲ್ಲಿ ಹುಟ್ಟಿದ್ದರಿಂದ ಅಮೃತಬಳ್ಳಿಗೆ ಆ ಹೆಸರು ಬಂತೆಂದು ಎಲ್ಲರೂ ಹೇಳುತ್ತಾರೆ. ಬಿದ್ದ ಹನಿಯನ್ನು ಕಂಡವರು ಯಾರೆಂದು ಕೇಳಿದರೆ ಮಾತು ಬದಲಿಸುತ್ತಾರೆ. ಶಾಲೆಯನ್ನು ನಾಲ್ಕನೆಯ ತರಗತಿಗೇ ಬಿಟ್ಟು, ಮಂಡಿಪೇಟೆಯ ಅಂಗಡಿಯಲ್ಲಿ ಕೂತು, ಸಿಕ್ಕಿದ್ದನ್ನು ಓದಿ ಕಲಿತವನು ನಾನು. ಕೇಳಿದ್ದನ್ನು ಹಾಗೆಯೇ ನಂಬುವ ಅಭ್ಯಾಸ ನನಗಿಲ್ಲ. ಆದರೆ ಆ ಬಳ್ಳಿಯ ವಿಷಯದಲ್ಲಿ ನನ್ನ ಅಪನಂಬಿಕೆಯಿಂದ ಯಾವ ಉಪಯೋಗವೂ ಆಗಲಿಲ್ಲ.

ಐವತ್ತರ ದಶಕದ ಕೊನೆಯ ವರ್ಷಗಳು. ದಾವಣಗೆರೆಯ ನಮ್ಮ ಮನೆಯ ಹಿತ್ತಿಲಲ್ಲಿ ಒಂದು ಬಿಲ್ವದ ಗಿಡವಿತ್ತು. ಹುಟ್ಟಿದ ತಿಂಗಳೊಳಗೇ ತೀರಿಕೊಂಡ ನಮ್ಮ ಒಂದೇ ಕೂಸನ್ನು ಮಣ್ಣು ಮಾಡಿದ ವರ್ಷ, ನನ್ನ ಹೆಂಡತಿ ತನ್ನ ತವರು ಹರಿಹರದಿಂದ ಆ ಸಸಿಯನ್ನು, ಬೇರಿಗೆ ಹೊಳೆಯ ಮಣ್ಣು ಮೆತ್ತಿ, ತಂದು ನೆಟ್ಟಿದ್ದಳು. ದಿನವೂ ಲಿಂಗಪೂಜೆಗೆ ಅದರದೇ ಪತ್ರೆ. ಪೂಜೆಯ ನೀರನ್ನು ಯಾರೂ ತುಳಿಯಬಾರದೆಂದು ಅದರ ಬುಡಕ್ಕೇ ಸುರಿಯುತ್ತಿದ್ದಳು. ಆ ಗಿಡ ತನಗೆ ಏನೆಂಬುದನ್ನು ಅವಳು ಎಂದೂ ಬಾಯಿಬಿಟ್ಟು ಹೇಳಲಿಲ್ಲ.

ಪಕ್ಕದ ಹಿತ್ತಿಲಿನ ಅಜ್ಜಿ ಬೆಳೆಸಿದ ಅಮೃತಬಳ್ಳಿ ಮೊದಲು ಗೋಡೆ ಹತ್ತಿತು, ಆಮೇಲೆ ನಮ್ಮ ಬಿಲ್ವವನ್ನು. ಎರಡು ಮಳೆಗಾಲ ಕಳೆಯುವುದರೊಳಗೆ ಗಿಡದ ನೆತ್ತಿ ಕಾಣದಾಯಿತು. ಬಿಸಿಲು ತಾಗದ ರೆಂಬೆಗಳು ಒಣಗಿ ಮುರಿಯತೊಡಗಿದವು. ಹೆಂಡತಿ ಪತ್ರೆಗಾಗಿ ಬಳ್ಳಿಯೊಳಗೆ ಕೈ ತೂರಿಸಿ ಹುಡುಕುವಳು. ಮುಳ್ಳು ಗೀರಿದ ಕೈಯಲ್ಲಿ ಒಂದೆರಡು ಎಲೆ ತರುವಳು.

ಕುಕ್ಕುವಾಡದಿಂದ ಕೂಲಿಗೆ ಬರುತ್ತಿದ್ದವನನ್ನು ಕರೆಸಿದೆ. ಅವನು ಬಳ್ಳಿಯನ್ನು ನೋಡಿದವನೇ ಕುಡುಗೋಲನ್ನು ಕೆಳಗಿಟ್ಟ.

"ಇದೊಂದು ಬ್ಯಾಡ್ರಿ ಯಜಮಾನ್ರೆ. ಈ ಬಳ್ಳಿ ಕಡಿದ್ರೆ ವಂಶದ ಬಳ್ಳಿ ಕಡಿತೈತಂತೆ. ನಂಗೆ ಮೂರು ಮಕ್ಳದಾವೆ."

"ಯಾರು ಹೇಳಿದ್ದು?"

"ಎಲ್ರೂ ಹೇಳ್ತಾರ್ರಿ."

ಗೋಡೆಯಾಚೆಯಿಂದ ಅಜ್ಜಿಯ ದನಿ ಬಂತು: "ಜ್ವರ ಬಂದೋರೆಲ್ಲ ಕೈಮುಗಿದು ಒಯ್ತಾರೆ. ಕಡಿಯಾಕ ನಿಂತೋನು ನೀನೊಬ್ನೇ ನೋಡಪ್ಪ. ಅಷ್ಟೆಲ್ಲ ಓದಿ ಕಲ್ತಿದ್ದು ಇದೇ ಏನು?"

"ಬಿಲ್ವ ಸಾಯಾಕ ಹತ್ತೈತೆ ಅಜ್ಜಿ."

"ಶಿವನ ಗಿಡ, ಶಿವ ನೋಡ್ಕಂತಾನೆ ಬಿಡು. ನಿನ್ನ ಬಳ್ಳಿ ಹಬ್ಬಬೇಕೋ ಬ್ಯಾಡೋ?"

"ನಂದು ಎಂದೋ ಕಡಿದೈತೆ" ಎಂದೆ.

ಹೆಂಡತಿ ತಂಬಿಗೆ ಹಿಡಿದು ನನ್ನ ಹಿಂದೆಯೇ ನಿಂತಿದ್ದಳು. "ಕಡೀರಿ. ನಮಗೆ ಇನ್ನೇನು ಹೋಗೋದೈತೆ" ಎಂದಳು.

ನಾನೇ ಕಡಿದೆ. ಗೋಡೆ ದಾಟಿ ಬಂದ ಕಾಂಡಗಳನ್ನೆಲ್ಲ ತುಂಡರಿಸಿದೆ. ಮೇಲೆ ಮುಳ್ಳಿಗೆ ಸಿಕ್ಕಿಕೊಂಡ ಬಳ್ಳಿಯನ್ನು ಎಳೆದರೆ ರೆಂಬೆಯೇ ಮುರಿಯುತ್ತಿತ್ತು. ನೆಲದ ನೀರು ತಪ್ಪಿದ ಮೇಲೆ ತಾನೇ ಒಣಗಿ ಉದುರುತ್ತದೆಂದು ಬಿಟ್ಟೆ. ಬೇರೆ ಯಾವ ಬಳ್ಳಿಯಾದರೂ ಒಣಗುತ್ತಿತ್ತು. ಇದು ಎಲೆ ಉದುರಿಸಿ ಬೇಸಿಗೆಯುದ್ದಕ್ಕೂ ಬರಿಯ ಹಗ್ಗದಂತೆ ತೂಗಿತು. ಮೊದಲ ಮಳೆ ಬಿದ್ದದ್ದೇ ತಡ, ದಾರದಂಥ ಬೇರುಗಳನ್ನು ಗಾಳಿಯಲ್ಲೇ ನೆಲದತ್ತ ಇಳಿಬಿಟ್ಟಿತು. ಕತ್ತರಿಸಿದಷ್ಟೂ ಹೊಸವು ಇಳಿದವು. ಕೊನೆಗೆ ಅವು ನೆಲ ಮುಟ್ಟಿದ್ದು ಬಿಲ್ವದ ಬುಡದಲ್ಲಿ, ಪೂಜೆಯ ನೀರು ಬಿದ್ದು ಸದಾ ತೇವವಾಗಿರುತ್ತಿದ್ದ ಮಣ್ಣಿನಲ್ಲಿ.

ಮರುವರ್ಷ ಬಿಲ್ವ ಚಿಗುರಲಿಲ್ಲ. ಉಗುರಿನಿಂದ ತೊಗಟೆ ಕೆರೆದು ನೋಡಿದೆ, ಒಳಗೆ ಹಸಿರಿರಲಿಲ್ಲ. ಜನ ಹೇಳುವ ಕಥೆಯಲ್ಲಿ ಇಷ್ಟಂತೂ ನಿಜ: ಸಾವಿಲ್ಲದ ಗುಣ ಆ ಬಳ್ಳಿಗಿತ್ತು. ಅದನ್ನು ಅದು ತನಗಾಗಿ ಮಾತ್ರ ಇಟ್ಟುಕೊಂಡಿತ್ತು.

ಹೆಂಡತಿಗೆ ಹೇಳಿದೆ. ಅವಳು ಪೇಟೆಯಿಂದ ತಂದ ಪತ್ರೆಯಲ್ಲಿ ಪೂಜೆ ಮುಗಿಸಿ, ಎಂದಿನಂತೆ ಆ ನೀರನ್ನು ಒಯ್ದು ಒಣಗಿದ ಗಿಡದ ಬುಡಕ್ಕೆ ಸುರಿದಳು. ಅದನ್ನು ಕುಡಿಯುವುದು ಯಾವುದೆಂದು ಇಬ್ಬರಿಗೂ ಗೊತ್ತಿತ್ತು. ಬೇರೆಲ್ಲಿ ಸುರಿಯಬೇಕೆಂಬುದು ಇಬ್ಬರಿಗೂ ತಿಳಿಯಲಿಲ್ಲ.