ಹೆಚ್ಚಳಕ್ಕೆ ಕಾರಣ ತಿಳಿಸಿ

ಅಂಕಲ್ ಅವರ ಬಲಗೈಯ ಕಿರುಬೆರಳಿನಿಂದ ಮಣಿಕಟ್ಟಿನವರೆಗೆ ಅಂಗೈಯ ಅಂಚು ಸದಾ ನೀಲಿಯಾಗಿರುತ್ತಿತ್ತು. ಮೂವತ್ತಕ್ಕೂ ಹೆಚ್ಚು ವರ್ಷ ನೀಲಿ ಪೆನ್ಸಿಲಿನಲ್ಲಿ ಬರೆದ ಅಂಕಿಗಳ ಮೇಲೆ ಆ ಕೈ ಜಾರಿ ಜಾರಿ ಹತ್ತಿದ ಬಣ್ಣ ಅದು. ಊಟಕ್ಕೆ ಮುಂಚೆ ಆಂಟಿ ಸೋಪು ಕೊಟ್ಟು ಎರಡೆರಡು ಸಲ ತೊಳೆಸುತ್ತಿದ್ದರು. ಹೋಗುತ್ತಿರಲಿಲ್ಲ. "ಬಿಡೇ, ಇದು ನನ್ನ ಜೊತೆಗೇ ಹೋಗೋದು" ಎಂದು ಅದೇ ಕೈಯಲ್ಲಿ ಅನ್ನ ಕಲಸುತ್ತಿದ್ದರು.

ದೆಹಲಿಯಲ್ಲಿ ತರಕಾರಿಯವನು ಭಯ್ಯಾ, ನಮ್ಮ ಕಡೆಯ ಹಿರಿಯರೆಲ್ಲ ಅಂಕಲ್, ಆಂಟಿ. ನಾನು ದಾವಣಗೆರೆಯಿಂದ ಹೋಗಿ ಅಲ್ಲಿ ಪಿಎಚ್.ಡಿಗೆ ಸೇರಿದ್ದೆ. ಹೊಸ ಶತಮಾನ ಶುರುವಾಗಿ ಒಂದೆರಡು ವರ್ಷವಾಗಿತ್ತಷ್ಟೆ. ದೆಹಲಿಯ ಪಕ್ಕದ ಊರುಗಳಲ್ಲಿ ಅಪರಾಧ ವರ್ಷದಿಂದ ವರ್ಷಕ್ಕೆ ಎಷ್ಟು ಏರುತ್ತದೆ, ಎಷ್ಟು ಇಳಿಯುತ್ತದೆ ಎನ್ನುವುದು ನನ್ನ ವಿಷಯ. ಅಂಕಲ್ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಆ ಲೆಕ್ಕವನ್ನೇ ಕೂಡಿಸುವ ಗುಮಾಸ್ತರು. ರಾಜ್ಯಗಳಿಂದ ಬರುವ ಕಳವು, ಸುಲಿಗೆ, ಕೊಲೆಗಳ ಪಟ್ಟಿಗಳನ್ನು ಜಿಲ್ಲಾವಾರು ಜೋಡಿಸುವುದು ಅವರ ಕೆಲಸ. ಸ್ನೇಹಿತೆಯೊಬ್ಬಳು ನನ್ನನ್ನು ಕಿದ್ವಾಯಿ ನಗರದ ಅವರ ಕ್ವಾರ್ಟರ್ಸಿಗೆ ಕರೆದುಕೊಂಡು ಹೋದಳು. ಆಮೇಲೆ ಪ್ರತಿ ಭಾನುವಾರ ಅವರು ಕರೆಯದಿದ್ದರೂ ನಾನು ಹೋಗುತ್ತಿದ್ದೆ, ಅರ್ಧ ಅಂಕಿಗಳಿಗೆ, ಅರ್ಧ ಆಂಟಿಯ ಬಿಸಿಬೇಳೆಭಾತಿಗೆ.

ನನಗೆ ಗ್ರಾಫ್ ಓದುವುದನ್ನು ಕಲಿಸಿದವರು ವಿಶ್ವವಿದ್ಯಾಲಯದ ಯಾರೂ ಅಲ್ಲ, ಇವರು. "ಅಂಕಿ ನೋಡಿ ಗಾಬರಿ ಬೀಳಬೇಡಮ್ಮ, ಗೆರೆ ನೋಡು. ಗೆರೆ ಎತ್ತ ಹೋಗ್ತಿದೆ ಅನ್ನೋದು ಮುಖ್ಯ" ಎನ್ನುತ್ತಿದ್ದರು. ಗೆರೆಗೆ ಸೇರದೆ ಎಲ್ಲೋ ಮೇಲೆ ಕೂತ ಚುಕ್ಕಿ ಕಂಡರೆ ಅವರಿಗೆ ಸಿಟ್ಟೇ ಬರುತ್ತಿತ್ತು. "ಇಂಥದ್ದು ಕಂಡ್ರೆ ಮೊದಲು ಅನುಮಾನ ಪಡು. ಟೈಪಿಸ್ಟು ನಿದ್ದೆ ಮಾಡಿರ್ತಾನೆ." ಮನೆಯಲ್ಲೂ ಇದೇ ಕಥೆ. ಹಾಲು ಒಡೆದ ದಿನ, ನಲ್ಲಿ ನಿಂತ ದಿನ, ಆಂಟಿಗೆ ತಲೆನೋವು ಬಂದ ದಿನ, ಎಲ್ಲಕ್ಕೂ ಗೋಡೆ ಕ್ಯಾಲೆಂಡರಿನಲ್ಲಿ ನೀಲಿ ಗುರುತು. "ಇವರಿಗೆ ನಾನೂ ಒಂದು ಕಾಲಂ ಕಣೇ" ಎಂದು ಆಂಟಿ ನನ್ನ ಹತ್ತಿರ ಚಾಡಿ ಹೇಳುತ್ತಿದ್ದರು.

ಅವರಿಗೆ ತುಂಬ ಹೆಮ್ಮೆಯಿದ್ದದ್ದು ಒಂದು ವಾಕ್ಯದ ಬಗ್ಗೆ. ಯಾವುದಾದರೂ ಜಿಲ್ಲೆಯ ಲೆಕ್ಕ ಹಿಂದಿನ ವರ್ಷಕ್ಕಿಂತ ಜಾಸ್ತಿ ಬಂದರೆ ಕಚೇರಿಯಿಂದ ಒಂದು ಕಾಗದ ಹೋಗಬೇಕು. ಮೊದಲೆಲ್ಲ ಅದು ಅರ್ಧ ಪುಟ ಇರುತ್ತಿತ್ತಂತೆ. ಇವರು ಚಿಕ್ಕ ವಯಸ್ಸಿನಲ್ಲೇ ಅದನ್ನು ಒಂದೇ ಸಾಲಿಗೆ ಇಳಿಸಿದರು: 'ಹಿಂದಿನ ವರ್ಷದ ಇದೇ ಅವಧಿಗಿಂತ ಹೆಚ್ಚಳ ಕಂಡುಬಂದಿದೆ, ಹೆಚ್ಚಳಕ್ಕೆ ಕಾರಣ ತಿಳಿಸಿ.' ಇಂಗ್ಲಿಷಿನಲ್ಲೂ ಹಿಂದಿಯಲ್ಲೂ ಅವರದೇ ಕರಡು. ಸಾಹೇಬರು ಬೆನ್ನು ತಟ್ಟಿದ್ದರು. ಅಂದಿನಿಂದ ಅದೇ ಸಾಲು.

"ಕಡಿಮೆ ಬಂದರೆ ಯಾವ ಕಾಗದ ಹೋಗುತ್ತೆ ಅಂಕಲ್?" ಎಂದು ನಾನೊಮ್ಮೆ ಕೇಳಿದ್ದೆ.

"ಕಡಿಮೆ ಬಂದ್ರೆ ಸಂತೋಷ ಕಣಮ್ಮ. ಸಂತೋಷಕ್ಕೆ ಯಾರಾದ್ರೂ ಕಾರಣ ಕೇಳ್ತಾರಾ?"

ನಾನು ನಕ್ಕೆ. ಸಂಶೋಧನೆ ಮಾಡಲು ಹೋದವಳು ಅಲ್ಲಿಗೇ ಪುಸ್ತಕ ಮುಚ್ಚಿ ಊಟಕ್ಕೆ ಎದ್ದೆ. ನನ್ನ ಜಾಣತನ ಅಷ್ಟಿತ್ತು.

ನಿವೃತ್ತಿಯಾಯಿತು, ಕ್ವಾರ್ಟರ್ಸ್ ಬಿಡಬೇಕಾಯಿತು. ಆಂಟಿಗೆ ದೆಹಲಿಯದೇ ರೋಹಿಣಿ ಬಡಾವಣೆಗೆ ಹೋಗುವ ಆಸೆ, ಅಲ್ಲಿ ಅವರ ತಂಗಿಯಿದ್ದಳು. ಅಂಕಲ್ ದೆಹಲಿಯ ಗಡಿಯಾಚೆಯ ಘಾಜಿಯಾಬಾದ್ ಎಂದರು. ಮನೆಗಳು ಅಲ್ಲಿ ಅಗ್ಗ ನಿಜ, ಆದರೆ ಅವರು ಕೊಟ್ಟ ಕಾರಣ ಅದಲ್ಲ. ಒಂದು ಉದ್ದನೆಯ ಗ್ರಾಫ್ ಹಾಳೆ ತಂದು ಊಟದ ಮೇಜಿನ ಮೇಲೆ ಹಾಸಿದರು. ಆ ಭಾಗದ ಕಳವು, ಸುಲಿಗೆಗಳ ಗೆರೆ ಮೆಟ್ಟಿಲು ಇಳಿದ ಹಾಗೆ ಇಳಿಯುತ್ತಿತ್ತು.

"ಜನ ಏನೇನೋ ಹೇಳ್ತಾರೆ ಕಣ್ರೀ, ಆ ಊರು ಸರಿಯಿಲ್ಲ ಅಂತ" ಎಂದರು ಆಂಟಿ.

"ಜನ ಹೇಳೋದು ಬಾಯಿ. ಇದು ಲೆಕ್ಕ. ನನ್ನ ಕೈಯಲ್ಲೇ ಬರೆದಿದ್ದೀನಿ, ನನಗೆ ಗೊತ್ತಿಲ್ವಾ?"

ಆಂಟಿ ನನ್ನ ಮುಖ ನೋಡಿದರು. ಓದಿದವಳು, ಏನಾದರೂ ಹೇಳುತ್ತಾಳೆ ಎಂದಿರಬೇಕು. "ಅಂಕಲ್ ಹೇಳೋದು ಸರಿ ಆಂಟಿ, ಗೆರೆ ಇಳೀತಾ ಇದೆ" ಎಂದೆ. ಆ ಮಾತನ್ನು ಈಗ ನೆನೆದರೂ ನಾಲಿಗೆ ಕಚ್ಚಿಕೊಳ್ಳುವ ಹಾಗಾಗುತ್ತದೆ.

ಘಾಜಿಯಾಬಾದಿನ ಮೂರನೇ ಮಹಡಿಯ ಆ ಮನೆಯ ಚಿಕ್ಕ ಕೋಣೆಯಲ್ಲಿ ನಾನೂ ಇರತೊಡಗಿದೆ. ಗ್ರಾಫ್ ಹಾಳೆಗೆ ನಡುಮನೆಯ ಗೋಡೆಯಲ್ಲಿ ಜಾಗವಾಯಿತು. ಹೊಸ ಲೆಕ್ಕ ಬಂದಾಗಲೆಲ್ಲ ಹಳೆಯ ಕಚೇರಿಗೆ ಫೋನು ಮಾಡಿ ಕೇಳಿ, ಅಂಕಲ್ ಒಂದು ಚುಕ್ಕಿ ಸೇರಿಸುತ್ತಿದ್ದರು. ಗೆರೆ ಇಳಿಯುತ್ತಲೇ ಇತ್ತು. ಇತ್ತ ಲಿಫ್ಟಿನಲ್ಲಿ ಸಿಕ್ಕವರೆಲ್ಲ ಏನಾದರೊಂದು ಕಳೆದುಕೊಂಡವರೇ. ಒಬ್ಬರ ಸ್ಕೂಟರು, ಒಬ್ಬರ ಮೊಬೈಲು, ಕೆಳಗಿನ ಮನೆಯ ಟೀಚರ ಕಿವಿಯ ಓಲೆ. "ಹತ್ತು ಜನರ ಮಾತು ಟ್ರೆಂಡ್ ಆಗಲ್ಲಮ್ಮ" ಎಂದು ಅಂಕಲ್ ನನಗೆ ಸಮಾಧಾನ ಹೇಳುತ್ತಿದ್ದರು. ನಾನೂ ತಲೆಯಾಡಿಸುತ್ತಿದ್ದೆ.

ಒಂದು ಸಂಜೆ, ಇನ್ನೂ ಬಿಸಿಲಿದ್ದಾಗಲೇ, ಆಂಟಿ ಸೈಕಲ್ ರಿಕ್ಷಾದಲ್ಲಿ ತರಕಾರಿ ತರುತ್ತಿದ್ದರು. ಬೈಕಿನಲ್ಲಿ ಬಂದ ಇಬ್ಬರು ಕೊರಳ ಕರಿಮಣಿ ಸರಕ್ಕೆ ಕೈ ಹಾಕಿದರು. ಗಟ್ಟಿ ಸರ, ಕೂಡಲೇ ಹರಿಯಲಿಲ್ಲ. ಆಂಟಿಯನ್ನು ರಿಕ್ಷಾದಿಂದ ಕೆಳಗೆಳೆದು, ಅಷ್ಟು ದೂರ ರಸ್ತೆಯ ಮೇಲೆ ಎಳೆದುಕೊಂಡು ಹೋದ ಮೇಲೆ ಹರಿಯಿತು. ಸೊಂಟದ ಮೂಳೆ ಮುರಿದಿತ್ತು. ಆಸ್ಪತ್ರೆಯಲ್ಲಿ ಅವರ ಮುಷ್ಟಿ ಬಿಡಿಸಿದಾಗ ಒಳಗೆ ನಾಲ್ಕು ಕರಿಮಣಿ ಇದ್ದವು.

ಮರುದಿನ ಬೆಳಿಗ್ಗೆ ಅಂಕಲ್ ಜೊತೆ ನಾನೂ ಪೊಲೀಸ್ ಚೌಕಿಗೆ ಹೋದೆ. ಮೇಜಿನ ಹಿಂದಿದ್ದವನು ಕೆಟ್ಟವನಲ್ಲ. ಕುರ್ಚಿ ಕೊಟ್ಟ, ಚಹಾ ತರಿಸಿದ, ಎಲ್ಲ ಕೇಳಿಸಿಕೊಂಡು ಚ್ಚು ಚ್ಚು ಎಂದ. ಆಮೇಲೆ ಒಂದು ಬಿಳಿ ಹಾಳೆಯಲ್ಲಿ ಹಿಂದಿಯಲ್ಲಿ ತಾನೇ ಎರಡು ಸಾಲು ಬರೆದು ಮುಂದೆ ತಳ್ಳಿದ. ರಿಕ್ಷಾದಿಂದ ಆಯತಪ್ಪಿ ಬಿದ್ದು ಪೆಟ್ಟಾಗಿದೆ, ಸರ ಎಲ್ಲೋ ಬಿದ್ದು ಕಳೆದುಹೋಗಿದೆ.

"ಕಳೆದುಹೋದದ್ದಲ್ಲ, ಕಿತ್ತುಕೊಂಡದ್ದು" ಎಂದೆ ನಾನು. ನನ್ನ ದನಿ ಏರಿತ್ತು.

"ಬೇಟೀ, ನನಗೆ ಗೊತ್ತಿಲ್ಲವಾ?" ಎಂದ ಅವನು, ಹಿಂದಿಯಲ್ಲಿ, ಬಹಳ ಮೆತ್ತಗೆ. "ಕಳೆದ ವರ್ಷ ಇದೇ ತಿಂಗಳು ಎಷ್ಟು ಬರೆದಿದ್ದೆವೋ ಈ ವರ್ಷ ಆಗಲೇ ಅಷ್ಟು ಬರೆದಾಯಿತು. ಇನ್ನೊಂದು ಬರೆದರೆ ಜಾಸ್ತಿಯಾಗುತ್ತೆ. ಜಾಸ್ತಿಯಾದರೆ ದೆಹಲಿಯಿಂದ ಕಾಗದ ಬರುತ್ತೆ. ಅದು ನಾಲ್ಕು ಆಫೀಸು ಇಳಿದು ಕೊನೆಗೆ ನನ್ನ ತಲೆ ಮೇಲೆ ಬೀಳುತ್ತೆ."

ಅಂಕಲ್ ಚಹಾದ ಲೋಟ ಕೆಳಗಿಟ್ಟರು. "ಆ ಕಾಗದದಲ್ಲಿ ಏನಿರುತ್ತೆ?" ಎಂದು ಕೇಳಿದರು.

ಅವನು ಡ್ರಾಯರಿನಿಂದ ಒಂದನ್ನು ತೆಗೆದು ತೋರಿಸಿದ. ಒಂದೇ ಸಾಲು. ನಾನು ಓದಿ ಮುಗಿಸುವಷ್ಟರಲ್ಲಿ ಅಂಕಲ್ ಓದಿಯಾಗಿತ್ತು, ಅವರಿಗೆ ಓದುವುದೇ ಬೇಕಿರಲಿಲ್ಲ. ಪೆನ್ನು ಕೇಳಿ ತೆಗೆದುಕೊಂಡು, ಆ ಬಿಳಿ ಹಾಳೆಯ ಕೆಳಗೆ ಸಹಿ ಮಾಡಿದರು. ನಾನು ತಡೆಯಲು ಕೈ ಚಾಚಿದೆ, ಅವರು ನೋಡಲಿಲ್ಲ.

ಹೊರಗೆ ಬಂದು ಬೇವಿನ ಮರದ ಕೆಳಗೆ ನಿಂತರು. "ಅವನದೇನು ತಪ್ಪಿದೆ ಹೇಳು" ಎಂದರು. "ಕಾರಣ ಕೇಳಿದ್ದು ನಾನು. ಅವರು ಕಾರಣ ಹುಡುಕಲಿಲ್ಲ, ಹೆಚ್ಚಳಾನೇ ಇಲ್ಲದ ಹಾಗೆ ಮಾಡಿಬಿಟ್ರು. ಮೂವತ್ತು ವರ್ಷ ನಾನು ಅದನ್ನ ಗೆರೆ ಅಂದ್ಕೊಂಡು ಎಳೆದೆ."

ಆಸ್ಪತ್ರೆಯಲ್ಲಿ ಆಂಟಿ ಕೇಳಿದ್ದು ಒಂದೇ. "ಏನಂತ ಬರೆಸಿದ್ರಿ?"

"ಬರೆಸಿದೆ ಕಣೆ."

"ಏನಂತ?"

ಅಂಕಲ್ ಚೌಕಿಯಲ್ಲಿ ಕೊಟ್ಟ ನಕಲನ್ನು ಜೇಬಿನಿಂದ ತೆಗೆಯಲಿಲ್ಲ. ಆಂಟಿಯೇ ಕೈ ಚಾಚಿ ತೆಗೆದುಕೊಂಡು ಓದಿದರು. ದೆಹಲಿಯಲ್ಲಿ ಅಷ್ಟು ವರ್ಷ ಕಳೆದವರು, ಹಿಂದಿ ಚೆನ್ನಾಗಿಯೇ ಬರುತ್ತಿತ್ತು. "ನಾನು ಬೀಳಲಿಲ್ಲ" ಎಂದರು. "ನನ್ನ ಎಳೆದದ್ದು. ಸರ ಹೋದ್ರೆ ಹೋಗ್ಲಿ. ನಾನಾಗಿ ಬಿದ್ದೆ ಅಂತ ಬರೀಬೇಡಿ. ಅಷ್ಟು ಮಾಡಿ ಸಾಕು."

ಅಷ್ಟೂ ಮಾಡಲಾಗಲಿಲ್ಲ. ಅಂಕಲ್ ಪ್ರತಿ ಸೋಮವಾರ ಹೊಸ ಅರ್ಜಿ ಬರೆದುಕೊಂಡು ಚೌಕಿಗೆ ಹೋಗುತ್ತಿದ್ದರು. ಪ್ರತಿ ಸೋಮವಾರ ಚಹಾ ಸಿಗುತ್ತಿತ್ತು. ನೀವೇ ಸಹಿ ಮಾಡಿದ್ದೀರಲ್ಲ ಅಂಕಲ್‌ಜೀ, ಎನ್ನುತ್ತಿದ್ದರು ಚೌಕಿಯವರು. ಒಮ್ಮೆ ರೈಲು ಹತ್ತಿ ತಮ್ಮ ಹಳೆಯ ಕಚೇರಿಗೇ ಹೋದರು, ನಾನೂ ಇದ್ದೆ. ಅವರ ಕುರ್ಚಿಯಲ್ಲಿ ಕೂತಿದ್ದ ಹುಡುಗಿ ಎದ್ದು ನಿಂತು ಮರ್ಯಾದೆ ಮಾಡಿದಳು. ಆ ಜಿಲ್ಲೆಗೊಂದು ಕಾಗದ ಬರೆಯಿರಿ, ಲೆಕ್ಕದಲ್ಲಿ ಅನುಮಾನವಿದೆ ಎಂದು ಕೇಳಿಕೊಂಡರು. ಅವಳು ಕಂಪ್ಯೂಟರಿನಲ್ಲಿ ನೋಡಿ, "ಆದರೆ ಸರ್, ಇದು ಕಡಿಮೆ ಬಂದಿದೆಯಲ್ಲ" ಎಂದಳು. ಅಂಕಲ್ "ಅಚ್ಛಾ" ಎಂದರು.

ನನ್ನ ಕಥೆ ಇನ್ನೂ ನಾಚಿಕೆಗೇಡು. ಇದನ್ನೆಲ್ಲ ಒಂದು ಅಧ್ಯಾಯ ಮಾಡಿ ಮಾರ್ಗದರ್ಶಕರಿಗೆ ಕೊಟ್ಟೆ. ಅವರು ಓದಿ, "ಮನಸ್ಸಿಗೆ ತಟ್ಟುತ್ತೆ, ಆದರೆ ಆಧಾರ ಎಲ್ಲಿ?" ಎಂದರು. ಆಧಾರವೆಂದರೆ ಸರ್ಕಾರಿ ಲೆಕ್ಕ. ಇಲ್ಲಿದ್ದ ಆಧಾರ, ಆಂಟಿ ತಾವಾಗಿಯೇ ಬಿದ್ದರು ಎನ್ನುವ ಕಾಗದ, ಅದರ ಕೆಳಗೆ ಗಂಡನದೇ ಸಹಿ. ಅವಧಿ ಮುಗಿಯುತ್ತಿತ್ತು. ಅಧ್ಯಾಯ ತೆಗೆದೆ, ಇಳಿಯುವ ಗೆರೆಯನ್ನು ಹಾಗೇ ಉಳಿಸಿ ಪ್ರಬಂಧ ಒಪ್ಪಿಸಿದೆ. ಡಾಕ್ಟರೇಟ್ ಬಂತು. ಅಂಕಲ್‌ಗೆ ಪೇಡಾ ತೆಗೆದುಕೊಂಡು ಹೋದಾಗ ಒಳಗೆ ಏನು ಬರೆದಿದ್ದೀಯ ಎಂದು ಅವರು ಕೇಳಲಿಲ್ಲ. ನನ್ನ ತಲೆಯ ಮೇಲೆ ಕೈಯಿಟ್ಟರು, ಅಷ್ಟೆ.

ಎರಡು ಚಳಿಗಾಲ ಕಳೆದ ಮೇಲೆ, ಒಂದು ಬೆಳಿಗ್ಗೆ ಅರ್ಜಿ ಹಿಡಿದು ಹೊರಟವರು ಲಿಫ್ಟಿನ ಬಳಿ ಕುಸಿದರು. ನಾನು ಆಗ ಬೇರೆ ಊರಿನಲ್ಲಿ ಪಾಠ ಮಾಡುತ್ತಿದ್ದೆ. ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆಂಟಿಯ ತಂಗಿ ರೋಹಿಣಿಯಿಂದ ಬಂದು ಸಾಮಾನು ಕಟ್ಟಿಸುತ್ತಿದ್ದಳು. ಆಂಟಿ ವಾಕರ್ ಹಿಡಿದು ನಿಧಾನಕ್ಕೆ ನಡೆದು ನನ್ನನ್ನು ನಡುಮನೆಯ ಗೋಡೆಯ ಹತ್ತಿರ ಕರೆದೊಯ್ದರು.

ಗ್ರಾಫ್ ಹಾಳೆ ಇನ್ನೂ ಅಲ್ಲೇ ಇತ್ತು. ಗೆರೆ ಆಂಟಿಯ ಸರ ಹೋದ ವರ್ಷಕ್ಕೆ ನಿಂತುಹೋಗಿತ್ತು. ಅದರ ಮೇಲೆ, ಎಲ್ಲಕ್ಕಿಂತ ಎತ್ತರದಲ್ಲಿ, ಒಂದೇ ಒಂದು ನೀಲಿ ಚುಕ್ಕಿ. ಯಾವುದಕ್ಕೂ ಸೇರಿಸಿರಲಿಲ್ಲ. ಪೆನ್ಸಿಲನ್ನು ಒತ್ತಿ ಒತ್ತಿ ತಿರುಗಿಸಿ ಹಾಳೆ ಅಲ್ಲಿ ತೂತು ಬೀಳುವ ಹಾಗಾಗಿತ್ತು.

"ಇದು ನಾನಂತೆ" ಎಂದರು ಆಂಟಿ, ಬೆರಳಿಟ್ಟು. "ಪ್ರತಿ ಸೋಮವಾರ ವಾಪಸು ಬಂದು ಇದರ ಮೇಲೆ ಪೆನ್ಸಿಲ್ ಆಡಿಸೋರು." ಆಮೇಲೆ ನನ್ನ ಕಡೆ ತಿರುಗಿ, ತುಂಬ ಸಹಜವಾಗಿ ಕೇಳಿದರು. "ನಿನ್ನ ಪುಸ್ತಕದಲ್ಲೂ ಹಾಕಿದ್ದೀಯಲ್ಲಮ್ಮ, ಇದನ್ನ?"